ಕಾಲರಿಗೊಪ್ಪುವ ಗಂಟು

ನಮ್ಮ ಕಡೆಯ ನಿಕಾಹ್‌ಗಳಲ್ಲಿ ಈಗ ಎರಡು ಬಗೆಯ ಮದುಮಗಂದಿರು ಕಾಣಸಿಗುತ್ತಾರೆ. ಶೇರ್ವಾನಿ ತೊಟ್ಟವರು ಒಂದು ಬಗೆ, ಸೂಟು ಹಾಕಿ ಟೈ ಕಟ್ಟಿದವರು ಇನ್ನೊಂದು ಬಗೆ. ಶೇರ್ವಾನಿಯವರಿಗೆ ಕೊರಳಿನ ಚಿಂತೆಯಿಲ್ಲ. ನೆಟ್ಟಗೆ ನಿಂತ ಕಾಲರಿಗೆ ಕೊಕ್ಕೆ ಹಾಕಿದರೆ ಕೆಲಸ ಮುಗಿಯಿತು. ಸೂಟಿನವರ ಪಾಡು ಹಾಗಲ್ಲ. ಶರ್ಟಿನ ಕಾಲರ್ ಚಿಕ್ಕದು, ಅದರ ಎರಡು ಮೊನೆಗಳ ನಡುವಿನ ಜಾಗ ಇನ್ನೂ ಚಿಕ್ಕದು. ಆ ಜಾಗದಲ್ಲಿ ಸಮೋಸಾದಷ್ಟು ದಪ್ಪ ಗಂಟೊಂದು ಕುಳಿತಿರುತ್ತದೆ. ಕಾಲರಿನ ಎಲೆಗಳು ಎರಡೂ ಕಡೆ ಎದ್ದು ನಿಂತಿರುತ್ತವೆ. ಆಲ್ಬಮ್ ತೆರೆದರೆ ಮೊದಲು ಕಾಣುವುದು ಗಂಟು, ಆಮೇಲೆ ಮುಖ. ಕಟ್ಟಿದ್ದು ಯಾರು ಎಂದು ಕೇಳಿದರೆ, ದುಬೈಯಿಂದ ಬಂದ ಭಾವನೋ, ಬ್ಯಾಂಕಿನಲ್ಲಿರುವ ಚಿಕ್ಕಪ್ಪನೋ ಆಗಿರುತ್ತಾರೆ. ಅವರಿಗೆ ಒಂದೇ ಗಂಟು ಗೊತ್ತು. ಅದನ್ನೇ ಎಲ್ಲ ಕೊರಳಿಗೂ ಕಟ್ಟುತ್ತಾರೆ.

ಟೈಯ ಗಂಟು ವಿಮರ್ಶೆಯ ವಸ್ತುವೇ ಎಂದು ಓದುಗರು ಕೇಳಬಹುದು. ಯಾವುದು ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ, ಹಾಗೆಂದು ತೀರ್ಮಾನಿಸುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಬಿಟ್ಟರೆ ವಿಮರ್ಶೆಗೆ ಬೇರೆ ಕೆಲಸವಿಲ್ಲ ಎಂದು ನಾವು ತಿಳಿದಿದ್ದೇವೆ. ಕತೆಗೆ ಕೇಳುವ ಈ ಪ್ರಶ್ನೆಗಳನ್ನು ಕೊರಳಿನ ಬಟ್ಟೆಗೂ ಕೇಳಬಹುದು. ಮೂರನೆಯ ಪ್ರಶ್ನೆ ಬಟ್ಟೆಯ ವಿಷಯದಲ್ಲಿಯೇ ಹೆಚ್ಚು ಬಿರುಸಾಗಿ ಏಳುತ್ತದೆ ಎಂಬುದು ನಮ್ಮ ರಾಜ್ಯದವರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಈ ವಿಷಯದಲ್ಲಿ ಎಲ್ಲರೂ ಹೆಸರಿಸುವ ಪುಸ್ತಕವೊಂದಿದೆ. ಥಾಮಸ್ ಫಿಂಕ್ ಮತ್ತು ಯಾಂಗ್ ಮಾವ್ ಸೇರಿ ಬರೆದ 'ದಿ 85 ವೇಸ್ ಟು ಟೈ ಎ ಟೈ'. ಬಂದದ್ದು 1999ರಲ್ಲಿ. ಇಬ್ಬರೂ ಆಗ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿದ್ದ ಭೌತವಿಜ್ಞಾನಿಗಳು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದೇ ವಿಷಯದ ಮೇಲೆ ಅವರ ಲೇಖನವೂ ಬಂದಿತ್ತು. ಒಂದು ಟೈಯನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು ಎಂಬುದು ಅವರ ಪ್ರಶ್ನೆ. ಉತ್ತರ ಹುಡುಕಲು ಅವರು ಕಟ್ಟುವ ಕ್ರಿಯೆಯನ್ನು ಕೆಲವೇ ನಿಯಮಗಳಿಗೆ ಇಳಿಸಿದರು. ಟೈಯ ಅಗಲದ ತುದಿ ಎಡ, ಬಲ, ನಡು ಎಂಬ ಮೂರು ಜಾಗಗಳಲ್ಲಿ ಓಡಾಡಬಹುದು. ಇದ್ದ ಜಾಗಕ್ಕೇ ಮತ್ತೆ ಹೋಗುವಂತಿಲ್ಲ. ಒಂದು ಸಲ ಎದೆಯ ಕಡೆಗೆ ಹೋದರೆ ಮುಂದಿನ ಸಲ ಎದೆಯಿಂದ ಹೊರಕ್ಕೆ ಬರಬೇಕು. ಕೊನೆಯಲ್ಲಿ ಮುಂಭಾಗಕ್ಕೆ ಒಂದು ಸುತ್ತು ಹಾಯಿಸಿ, ಅದರೊಳಗೆ ತುದಿಯನ್ನು ಇಳಿಸಬೇಕು. ನಡೆಗಳು 3ಕ್ಕಿಂತ ಕಡಿಮೆಯಾದರೆ ಗಂಟೇ ಆಗುವುದಿಲ್ಲ. 9ಕ್ಕಿಂತ ಹೆಚ್ಚಾದರೆ ಟೈಯ ಉದ್ದ ಸಾಲುವುದಿಲ್ಲ. ಈ ಲೆಕ್ಕದಲ್ಲಿ 3 ನಡೆಗಳ ಗಂಟು 1, 4ರದು 1, 5ರದು 3, 6ರದು 5, 7ರದು 11, 8ರದು 21, 9ರದು 43. ಒಟ್ಟು 85.

ಪುಸ್ತಕದ ಹಿರಿಮೆ ಈ ಸರಳತೆಯಲ್ಲಿದೆ. ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಕೈಬಳಕೆಯಾಗಿ ಬಂದ ಕೆಲಸವೊಂದನ್ನು ಅಕ್ಷರಗಳ ಸಾಲಾಗಿ ಬರೆದು ತೋರಿಸುವುದು ಸಣ್ಣ ಸಾಧನೆಯಲ್ಲ. ಜನ ಸಾಮಾನ್ಯವಾಗಿ ಕಟ್ಟುತ್ತಿದ್ದದ್ದು ನಾಲ್ಕೇ ಗಂಟುಗಳನ್ನು: 4 ನಡೆಗಳ ಫೋರ್-ಇನ್-ಹ್ಯಾಂಡ್, 5 ನಡೆಗಳ ಪ್ರಾಟ್, 6 ನಡೆಗಳ ಹಾಫ್ ವಿಂಡ್ಸರ್, 8 ನಡೆಗಳ ವಿಂಡ್ಸರ್. ಉಳಿದವುಗಳಲ್ಲಿ ನೋಡಲು ಚೆಂದವಾದ ಇನ್ನಾರನ್ನು 'ನೇಚರ್' ಲೇಖನದಲ್ಲಿ ಅವರು ಹೊಸದಾಗಿ ಆರಿಸಿಕೊಟ್ಟರು. ಆರಿಸಲು ಅವರು ಇಟ್ಟುಕೊಂಡ ಅಳತೆಗೋಲು ಸಮಮಿತಿ ಮತ್ತು ಸಮತೋಲ. ಎಂದರೆ ಎಡಕ್ಕೆಷ್ಟು ಹೋಯಿತೋ ಬಲಕ್ಕೂ ಅಷ್ಟು ಹೋಗಿರಬೇಕು. ಹೋದದ್ದು ಚೆನ್ನಾಗಿ ಬೆರೆತಿರಬೇಕು.

ನಮ್ಮ ತಕರಾರು ಶುರುವಾಗುವುದು ಇಲ್ಲಿಂದ. ಈ ಅಳತೆಗೋಲಿನಲ್ಲಿ ಗಂಟಿದೆ, ಕಾಲರಿಲ್ಲ. ಬಟ್ಟೆಯ ದಪ್ಪವಿಲ್ಲ, ಕೊರಳಿನ ಸುತ್ತಳತೆಯಿಲ್ಲ. ಕಾಲರಿನ ಮಾತು ಬರುವುದಾದರೂ ಅದು ಕಿವಿಮಾತಾಗಿ ಬರಬೇಕೇ ಹೊರತು ಲೆಕ್ಕದ ಒಳಗಲ್ಲ. ಗಂಟು ತನ್ನಷ್ಟಕ್ಕೆ ತಾನು ಸುಂದರವಾಗಿರಬಲ್ಲದು ಎಂಬ ನಂಬಿಕೆ ಇದರ ಹಿಂದಿದೆ. ಲೆಕ್ಕಕ್ಕೆ ಈ ನಂಬಿಕೆ ಬೇಕಾಗುತ್ತದೆ. ಆದರೆ ಕನ್ನಡಿಯ ಮುಂದೆ ನಿಂತವನಿಗೆ ಇದರಿಂದ ಉಪಯೋಗವಿಲ್ಲ.

ನಿಯಮದ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಗಂಟು ಕಟ್ಟುವುದು ಅಗಲದ ತುದಿಯಿಂದಲೇ ಎಂದು ಈ ಇಬ್ಬರೂ ಮೊದಲೇ ತೀರ್ಮಾನಿಸಿಬಿಟ್ಟಿದ್ದರು. 2003ರಲ್ಲಿ 'ದಿ ಮ್ಯಾಟ್ರಿಕ್ಸ್ ರಿಲೋಡೆಡ್' ಸಿನಿಮಾ ಬಂತು. ಅದರ ಒಂದು ಪಾತ್ರದ ಕೊರಳಲ್ಲಿ ಪದರಪದರವಾದ ವಿಚಿತ್ರ ಗಂಟುಗಳಿದ್ದವು. ಜನ ಅದನ್ನು ನೋಡಿ ಕಿರಿದಾದ ತುದಿಯಿಂದ ಕಟ್ಟುವ ಬಗೆಗಳನ್ನು ಕಂಡುಕೊಂಡರು. ಸ್ವೀಡನ್ನಿನ ಗಣಿತಜ್ಞ ಮಿಕಾಯೆಲ್ ವೇಯ್ಡೆಮೋ-ಯೋಹಾನ್ಸನ್ ಮತ್ತು ಸಂಗಡಿಗರು ನಿಯಮವನ್ನು ಸಡಿಲಿಸಿ ಹೊಸದಾಗಿ ಎಣಿಸಿದರು. 2015ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಸಿಕ್ಕಿದ ಗಂಟುಗಳು 2,66,682. ಎಂಬತ್ತೈದು ಎಲ್ಲಿ, ಎರಡೂವರೆ ಲಕ್ಷಕ್ಕೆ ಮಿಕ್ಕಿದ್ದು ಎಲ್ಲಿ! ಮೊದಲಿನವರು ಎಣಿಕೆಯಲ್ಲಿ ತಪ್ಪಿದ್ದರೆಂದಲ್ಲ. ಅವರ ನಿಯಮದ ಹೊರಗಿದ್ದವು ಎಣಿಕೆಗೇ ಬರಲಿಲ್ಲ, ಅಷ್ಟೆ. ನಿಯಮ ಮಾಡುವವರು ಯಾರನ್ನು ಎಣಿಸುವುದಿಲ್ಲವೋ ಅವರು ಲೆಕ್ಕಕ್ಕಿಲ್ಲ. ಇದು ಟೈಗೆ ಮಾತ್ರ ಹೊಂದುವ ಮಾತಲ್ಲ.

ಹಾಗಾದರೆ ಗಂಟನ್ನು ಅಳೆಯುವ ಸರಿಯಾದ ಕೋಲು ಯಾವುದು? ನಮಗೆ ಅದು ಸಿಕ್ಕಿದ್ದು ಉರ್ದು ಶಾಲೆಯಲ್ಲಿ. ಉರ್ದುವಿನಲ್ಲಿ ಗಂಟಿಗೆ 'ಗಿರಹ್' ಎನ್ನುತ್ತಾರೆ. ಹುಟ್ಟುಹಬ್ಬ 'ಸಾಲ್‌ಗಿರಹ್', ಅಂದರೆ ವರ್ಷದ ಗಂಟು. ಹಳೆಯ ದರ್ಜಿಗಳ ಬಾಯಲ್ಲಿ ಗಿರಹ್ ಎಂದರೆ ಗಜದ 16ರಲ್ಲೊಂದು ಪಾಲು. ಮುಶಾಯಿರಾದಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ. ಯಾರೋ ಹಿರಿಯರು ಒಂದು ಸಾಲನ್ನು ಕೊಟ್ಟಿರುತ್ತಾರೆ. ಬಂದ ಕವಿಗಳೆಲ್ಲ ಅದೇ ಛಂದಸ್ಸಿನಲ್ಲಿ, ಅದೇ ಪ್ರಾಸದಲ್ಲಿ ಗಝಲ್ ಕಟ್ಟಿ ತರಬೇಕು. ಕೊಟ್ಟ ಸಾಲಿಗೆ ತನ್ನದೊಂದು ಸಾಲನ್ನು ಜೋಡಿಸಿ ದ್ವಿಪದಿ ಮಾಡುವುದಕ್ಕೆ 'ಗಿರಹ್ ಲಗಾನಾ', ಗಂಟು ಹಾಕುವುದು, ಎನ್ನುತ್ತಾರೆ. ಕವಿ ಎಂಥ ಭರ್ಜರಿ ಸಾಲನ್ನು ತಂದರೂ ಅದು ಕೊಟ್ಟ ಸಾಲಿಗೆ ಕೂಡಿಕೊಳ್ಳದಿದ್ದರೆ ಸಭೆ ಸುಮ್ಮನೆ ಕೂರುತ್ತದೆ. ಸಾದಾ ಸಾಲೊಂದು ಸರಿಯಾಗಿ ಕೂಡಿದರೆ ವಾಹ್ ವಾಹ್ ಏಳುತ್ತದೆ.

ಕಾಲರ್ ಎಂಬುದು ಕೊಟ್ಟ ಸಾಲು. ಟೈಯ ಗಂಟು ನಾವು ಜೋಡಿಸುವ ಸಾಲು. ಎಂಬತ್ತೈದರಲ್ಲಿ ಯಾವುದು ಶ್ರೇಷ್ಠ ಎಂದು ಕೇಳುವುದಕ್ಕಿಂತ ಈ ಕಾಲರಿಗೆ, ಈ ಬಟ್ಟೆಗೆ, ಈ ಕೊರಳಿಗೆ ಕೂಡುವುದು ಯಾವುದು ಎಂದು ಕೇಳಬೇಕು.

ಹೀಗೆ ಕೇಳಿದರೆ ಉತ್ತರ ಕಷ್ಟದ್ದಲ್ಲ. ಕಾಲರಿನ ಮೊನೆಗಳು ಒಂದಕ್ಕೊಂದು ಹತ್ತಿರವಿದ್ದು ಕೆಳಮುಖವಾಗಿದ್ದರೆ ನಡುವಿನ ಜಾಗ ಕಿರಿದು. ಅದಕ್ಕೆ ಫೋರ್-ಇನ್-ಹ್ಯಾಂಡ್ ಸಾಕು. ಈ ಗಂಟು ಸಪೂರ, ಉದ್ದ, ಒಂದು ಕಡೆಗೆ ತುಸು ವಾಲಿರುತ್ತದೆ. ಮೊನೆಗಳಿಗೆ ಗುಂಡಿಯಿರುವ ಕಾಲರಿಗೂ ಇದೇ ಸರಿ, ಏಕೆಂದರೆ ದೊಡ್ಡ ಗಂಟು ಆ ಗುಂಡಿಗಳನ್ನು ಜಗ್ಗುತ್ತದೆ. ಮೊನೆಗಳ ನಡುವೆ ಮಧ್ಯಮ ಅಂತರವಿದ್ದರೆ ಪ್ರಾಟ್ ಅಥವಾ ಹಾಫ್ ವಿಂಡ್ಸರ್. ಮೊನೆಗಳು ಭುಜಗಳ ಕಡೆಗೆ ತಿರುಗಿ ಜಾಗ ಅಗಲವಾಗಿದ್ದರೆ ಮಾತ್ರ ವಿಂಡ್ಸರಿನ ತ್ರಿಕೋನ ಒಪ್ಪುತ್ತದೆ. ಇನ್ನು ಟೈಯ ಬಟ್ಟೆ. ಉಣ್ಣೆಯದು, ಹೆಣೆದದ್ದು, ಒಳಗೆ ದಪ್ಪ ಪಟ್ಟಿಯಿರುವುದು ಆದರೆ ಸಣ್ಣ ಗಂಟೇ ದೊಡ್ಡದಾಗಿ ಕಾಣುತ್ತದೆ. ತೆಳು ರೇಷ್ಮೆಯದಾದರೆ ಎರಡು ಸುತ್ತು ಹೆಚ್ಚು ಬೇಕಾಗಬಹುದು. ಆಮೇಲೆ ಉದ್ದ. ಟೈಯ ತುದಿ ಬೆಲ್ಟಿನ ಹತ್ತಿರ ನಿಲ್ಲಬೇಕು. ವಿಂಡ್ಸರ್ ಬಹಳ ಬಟ್ಟೆಯನ್ನು ನುಂಗುವುದರಿಂದ ಎತ್ತರದವರಿಗೂ ದಪ್ಪ ಕೊರಳಿನವರಿಗೂ ತುದಿ ಹೊಟ್ಟೆಯ ಮೇಲೆಯೇ ನಿಂತುಬಿಡುತ್ತದೆ. ಗಂಟು ಜಾಗವನ್ನು ತುಂಬಬೇಕು, ಕಾಲರನ್ನು ಎತ್ತಬಾರದು. ಎಲ್ಲ ನಿಯಮಗಳ ಸಾರ ಇಷ್ಟೆ.

ಬಿಗಿತದ ಬಗ್ಗೆ ಒಂದು ಮಾತು. ಬಿಗಿಯಾದ ಟೈ ಕಣ್ಣಿನೊಳಗಿನ ಒತ್ತಡವನ್ನು ಹೆಚ್ಚಿಸುತ್ತದೆ ಎಂದು 2003ರಲ್ಲಿ ಬ್ರಿಟನ್ನಿನ ನೇತ್ರವೈದ್ಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಹೇಳಿತು. ಕಾಲರ್ ಮತ್ತು ಕೊರಳಿನ ನಡುವೆ ಎರಡು ಬೆರಳು ಆಡಬೇಕು ಎಂಬ ದರ್ಜಿಗಳ ಮಾತು ಬರೀ ಅಂದಕ್ಕಾಗಿ ಹೇಳಿದ್ದಲ್ಲ. ಕಾಲರ್ ಚಿಕ್ಕದಾಗಿದ್ದಾಗ ಅದರ ಮೇಲೆ ಗಂಟನ್ನು ಬಿಗಿದು ಸರಿಪಡಿಸುತ್ತೇವೆ ಎನ್ನುವವರು ಇದನ್ನು ನೆನಪಿಡಬೇಕು.

ಇಷ್ಟು ಸರಳವಾದ ವಿಷಯದಲ್ಲಿ ನಮ್ಮವರು ಸದಾ ದೊಡ್ಡ ಗಂಟಿನ ಕಡೆಗೇ ವಾಲುವುದೇಕೆ? ದೊಡ್ಡದು ಎಂದರೆ ದೊಡ್ಡಸ್ತಿಕೆ ಎಂಬ ಭ್ರಮೆ ಒಂದು ಕಾರಣ. ವಿಂಡ್ಸರ್ ಎಂಬ ಹೆಸರು ಇನ್ನೊಂದು ಕಾರಣ. 1936ರಲ್ಲಿ ಸಿಂಹಾಸನ ಬಿಟ್ಟ ಎಡ್ವರ್ಡ್ ದೊರೆ ಮುಂದೆ ವಿಂಡ್ಸರಿನ ಡ್ಯೂಕ್ ಎನಿಸಿಕೊಂಡರು. ಗಂಟಿಗೆ ಅವರ ಹೆಸರಿದೆ. ತಮಾಷೆಯೆಂದರೆ, ಆ ಗಂಟನ್ನು ತಾವು ಕಟ್ಟುತ್ತಿರಲಿಲ್ಲ, ತಮ್ಮ ಟೈಗಳಿಗೆ ದಪ್ಪ ಒಳಪದರ ಹಾಕಿಸುತ್ತಿದ್ದುದರಿಂದ ಗಂಟು ದಪ್ಪ ಕಾಣುತ್ತಿತ್ತು ಎಂದು ಅವರೇ 1960ರ ತಮ್ಮ ಪುಸ್ತಕ 'ಎ ಫ್ಯಾಮಿಲಿ ಆಲ್ಬಮ್'ನಲ್ಲಿ ತಿಳಿಸಿದ್ದಾರೆ. ಅವರನ್ನು ನೋಡಿ ಅನುಕರಿಸಿದವರು ತೆಳು ಟೈಯಲ್ಲಿ ಅದೇ ದಪ್ಪ ತರಲು ಸುತ್ತುಗಳನ್ನು ಹೆಚ್ಚಿಸಿದರು. ಇತ್ತ ಇಂಗ್ಲಿಷರಲ್ಲೇ ಕೆಲವರಿಗೆ ಈ ಗಂಟು ಹಿಡಿಸಲಿಲ್ಲ. ಇಯಾನ್ ಫ್ಲೆಮಿಂಗ್‌ನ 1957ರ ಕಾದಂಬರಿ 'ಫ್ರಮ್ ರಷ್ಯಾ ವಿತ್ ಲವ್'ನಲ್ಲಿ ಜೇಮ್ಸ್ ಬಾಂಡ್ ವಿಂಡ್ಸರ್ ಗಂಟು ಕಟ್ಟಿದವನನ್ನು ಕಂಡು ಸಂಶಯಪಡುತ್ತಾನೆ. ಅದು ಅವನಿಗೆ ಒಣಜಂಬದ ಗುರುತಾಗಿ ಕಾಣುತ್ತದೆ. ನಾವು ಯಾವುದನ್ನು ಸಾಹೇಬರ ಗಂಟು ಎಂದು ಕಲಿತೆವೋ ಅದು ಸಾಹೇಬರ ಕಣ್ಣಿಗೆ ಸಾಹೇಬನಲ್ಲದವನ ಗುರುತಾಗಿತ್ತು! ಅನುಕರಣೆಯ ಸೋಲು ಎಂದರೆ ಇದೇ.

ಪ್ರಾಟ್ ಗಂಟಿನದೂ ಹೆಸರಿನ ಕತೆಯೇ. ಅಮೆರಿಕದ ಜೆರ್ರಿ ಪ್ರಾಟ್ ಎಂಬ ಮುದುಕರು ಟೈಯನ್ನು ಮಗುಚಿ ಹಾಕಿಕೊಂಡು ಕಟ್ಟುವ ಗಂಟೊಂದನ್ನು ವರ್ಷಗಟ್ಟಲೆ ಬಳಸುತ್ತಿದ್ದರು. ಮಿನಿಯಾಪೊಲಿಸ್‌ನ ಟೀವಿ ವಾರ್ತೆಗಾರ ಡಾನ್ ಶೆಲ್ಬಿಗೆ ಅದನ್ನು ಕಲಿಸಿದರು. 1989ರಲ್ಲಿ ಪತ್ರಿಕೆಗಳಲ್ಲಿ ಸುದ್ದಿಯಾದಾಗ ಗಂಟಿಗೆ ಬಂದದ್ದು ಶೆಲ್ಬಿಯ ಹೆಸರು. ಮುದುಕರ ಹೆಸರು ಸೇರಿಕೊಳ್ಳಲು ಸಮಯ ಹಿಡಿಯಿತು. ಕಟ್ಟಿದವನಿಗಿಂತ ಕಾಣಿಸಿಕೊಂಡವನ ಹೆಸರು ಬೇಗ ನಿಲ್ಲುತ್ತದೆ.

ಇನ್ನು ನಮ್ಮ ನೆಲದ ಮಾತು. ಗಾಂಧೀಜಿ ಲಂಡನ್ನಿನಲ್ಲಿ ಓದುವಾಗ ಟೈ ಕಟ್ಟುವ ಕಲೆಯನ್ನು ತಾವೇ ಕಲಿತದ್ದನ್ನೂ, ದಿನಾಲೂ ದೊಡ್ಡ ಕನ್ನಡಿಯ ಮುಂದೆ ಹತ್ತು ನಿಮಿಷ ಕಳೆಯುತ್ತಿದ್ದುದನ್ನೂ ಆತ್ಮಕಥೆಯಲ್ಲಿ ನಾಚಿಕೊಂಡೇ ಬರೆದಿದ್ದಾರೆ. ಮುಂದೆ ಅವರು ಟೈಯನ್ನೂ ಬಿಟ್ಟರು, ಅಂಗಿಯನ್ನೂ ಬಿಟ್ಟರು. ಅಂಬೇಡ್ಕರ್ ಬಿಡಲಿಲ್ಲ. ಕರ್ನಾಟಕದ ಊರೂರಿನ ಅಂಬೇಡ್ಕರ್ ಪ್ರತಿಮೆಗಳನ್ನು ನೋಡಿ: ನೀಲಿ ಸೂಟು, ಕೊರಳಲ್ಲಿ ಟೈ, ಕೈಯಲ್ಲಿ ಸಂವಿಧಾನ. ಮೈತುಂಬ ಬಟ್ಟೆ ತೊಡುವುದನ್ನೇ ಯಾರಿಗೆ ನಿರಾಕರಿಸಲಾಗಿತ್ತೋ ಅವರ ನಾಯಕ ಕಟ್ಟಿದ ಆ ಗಂಟನ್ನು ಅನುಕರಣೆ ಎನ್ನಲು ನಮಗೆ ಬಾಯಿ ಬರುವುದಿಲ್ಲ. ವಿಶ್ವೇಶ್ವರಯ್ಯನವರದು ಮೂರನೆಯ ದಾರಿ. ನಾವೆಲ್ಲ ನೋಡಿರುವ ಚಿತ್ರದಲ್ಲಿ ಕೊರಳಿನಲ್ಲಿ ಟೈ, ತಲೆಯ ಮೇಲೆ ಮೈಸೂರು ಪೇಟ. ಎರಡೂ ಒಂದನ್ನೊಂದು ಅಣಕಿಸದೆ ಕೂಡಿಕೊಂಡಿವೆ. ಬಿಟ್ಟವರದೂ ಸರಿ, ಕಟ್ಟಿದವರದೂ ಸರಿ, ಏಕೆಂದರೆ ಮೂವರೂ ತಾವೇ ತೀರ್ಮಾನಿಸಿದವರು.

ಮುಸ್ಲಿಮರ ನಡುವೆ ಈ ಚರ್ಚೆ ಇನ್ನಷ್ಟು ತೊಡಕಿನದು. ಅಕ್ಬರ್ ಇಲಾಹಾಬಾದಿ ಬ್ರಿಟಿಷರ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದುಕೊಂಡೇ ಕೋಟು ಪಾಟ್ಲೂನಿನ ಹೊಸ ಬಾಬುಗಳನ್ನು ಗೇಲಿ ಮಾಡಿದ ಕವಿ. ಟೈ ಎಂದರೆ ಶಿಲುಬೆಯ ಗುರುತು, ಕಟ್ಟಿದರೆ ಈಮಾನಿಗೆ ಧಕ್ಕೆ ಎಂಬ ಮಾತನ್ನು ನಾವು ಬಾಲ್ಯದಲ್ಲಿ ಹಿರಿಯರಿಂದ ಕೇಳಿದ್ದೇವೆ. ಈಗಲೂ ಕೇಳುತ್ತೇವೆ. ಇತಿಹಾಸ ಈ ಮಾತಿಗೆ ಆಧಾರ ಕೊಡುವುದಿಲ್ಲ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಸೇವೆಯಲ್ಲಿದ್ದ ಕ್ರೊಯೇಷಿಯಾದ ಸೈನಿಕರು ಕೊರಳಿಗೆ ಕಟ್ಟುತ್ತಿದ್ದ ಬಟ್ಟೆಯಿಂದ ಇದು ಬಂತು. ಫ್ರೆಂಚರ 'ಕ್ರವಾತ್' ಎಂಬ ಪದವೂ ಕ್ರೊಯೇಟರ ಹೆಸರಿನಿಂದಲೇ ಬಂದದ್ದು. ಆದರೆ ವಿರೋಧವೆಲ್ಲ ಅಜ್ಞಾನದಿಂದಲೇ ಬಂತು ಎಂದು ನಗುವುದೂ ಸರಿಯಲ್ಲ. ಆಳುವವರ ಬಟ್ಟೆ ತೊಟ್ಟರೆ ಮನಸ್ಸೂ ಅವರದಾಗುತ್ತದೆ ಎಂಬ ಭಯ ಅದರ ಒಳಗಿತ್ತು. ಇರಾನಿನಲ್ಲಿ 1979ರ ಕ್ರಾಂತಿಯ ನಂತರ ಟೈ ಪಾಶ್ಚಾತ್ಯರ ಗುರುತೆನಿಸಿ ಸರಕಾರಿ ಕಚೇರಿಗಳಿಂದ ಮರೆಯಾಯಿತು. ಅಲ್ಲಿನ ಅಧಿಕಾರಿಗಳು ಸೂಟನ್ನು ಉಳಿಸಿಕೊಂಡರು, ಟೈಯನ್ನು ಬಿಟ್ಟರು. ಎಷ್ಟೋ ಮಂದಿ ಮಡಿಕೆಯಿಲ್ಲದ ಪಟ್ಟಿ ಕಾಲರಿನ ಶರ್ಟು ತೊಟ್ಟರು. ಗಂಟು ಬೇಡವೆಂದಾಗ ಕಾಲರನ್ನೇ ಬದಲಿಸಬೇಕಾಯಿತು ಎಂಬುದನ್ನು ಗಮನಿಸಬೇಕು. ನಮ್ಮ ಶೇರ್ವಾನಿ ಈ ಉತ್ತರವನ್ನು ಎಷ್ಟೋ ಮೊದಲೇ ಕೊಟ್ಟಿತ್ತು.

ಆದರೆ ಟೈ ಕಡ್ಡಾಯ ಎಂಬುದೂ ಟೈ ನಿಷಿದ್ಧ ಎಂಬುದೂ ಒಂದೇ ಗಂಟಿನ ಎರಡು ತುದಿಗಳು. 2021ರ ಫೆಬ್ರುವರಿಯಲ್ಲಿ ನ್ಯೂಜಿಲೆಂಡಿನ ಸಂಸತ್ತಿನಲ್ಲಿ ಮಾವೋರಿ ಪಕ್ಷದ ರಾವಿರಿ ವೈಟಿಟಿ ಟೈ ಕಟ್ಟದೆ ತಮ್ಮ ಜನಾಂಗದ ಕೊರಳಪದಕ ತೊಟ್ಟು ಬಂದರು. ಸಭಾಧ್ಯಕ್ಷರು ಅವರನ್ನು ಹೊರಗೆ ಕಳಿಸಿದರು. ಟೈ ತನ್ನ ಪಾಲಿಗೆ ವಸಾಹತುಶಾಹಿಯ ಕುಣಿಕೆ ಎಂಬುದು ವೈಟಿಟಿಯವರ ವಾದ. ಒಂದೆರಡು ದಿನಗಳಲ್ಲೇ ಟೈ ಕಡ್ಡಾಯವೆಂಬ ನಿಯಮ ಹೋಯಿತು. ಸಂಸತ್ತು ಬೀಳಲಿಲ್ಲ, ಶಿಸ್ತೂ ಕೆಡಲಿಲ್ಲ.

ನಮ್ಮಲ್ಲಿ ಟೈ ಶಾಲೆಯ ಮಕ್ಕಳ ಕೊರಳಿಗೆ ಬಂದು ಎಷ್ಟೋ ಕಾಲವಾಯಿತು. ಮೊದಲೇ ಗಂಟು ಹಾಕಿ, ಹಿಂದೆ ಎಲಾಸ್ಟಿಕ್ ಹೊಲಿದ ಟೈ ಅದು. ಕೊರಳು ಬಿಗಿಯದಿರಲಿ ಎಂಬ ಒಳ್ಳೆಯ ಉದ್ದೇಶವೂ ಅದರಲ್ಲಿದೆ. ರಾಯಚೂರಿನ ಬಿಸಿಲಿನಲ್ಲೂ ಮಂಗಳೂರಿನ ಸೆಕೆಯಲ್ಲೂ ಮಕ್ಕಳು ಅದನ್ನು ತೊಟ್ಟು ಬಸ್ಸು ಹತ್ತುತ್ತಾರೆ. ಈ ಬಟ್ಟೆ ಎಲ್ಲಿಂದ ಬಂತು, ಯಾವ ಧರ್ಮದವರದು ಎಂದು ಯಾರೂ ಗೇಟಿನಲ್ಲಿ ನಿಂತು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಅದೇ ರಾಜ್ಯದಲ್ಲಿ 2022ರ ಆರಂಭದಲ್ಲಿ ಹುಡುಗಿಯರ ತಲೆಯ ಮೇಲಿನ ಬಟ್ಟೆಯನ್ನು ಗೇಟಿನಲ್ಲಿ ನಿಲ್ಲಿಸಿ ಕೇಳಲಾಯಿತು. ಫೆಬ್ರುವರಿ 5ರಂದು ಸಮವಸ್ತ್ರದ ಆದೇಶ, ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಟೈ ಮತ್ತು ಹಿಜಾಬ್ ಒಂದೇ ಎಂದು ನಾವು ಹೇಳುತ್ತಿಲ್ಲ. ಒಂದು ಶಾಲೆ ಕಟ್ಟಿದ ಗಂಟು, ಇನ್ನೊಂದು ಹುಡುಗಿ ತಾನೇ ಕಟ್ಟಿಕೊಂಡದ್ದು ಅಥವಾ ಮನೆಯವರು ಕಟ್ಟಿಸಿದ್ದು. ಆ ವ್ಯತ್ಯಾಸವನ್ನೂ ಪ್ರಾಮಾಣಿಕವಾಗಿ ನೋಡಬೇಕು. ನಾವು ಹೇಳುವುದಿಷ್ಟೆ: ಕೊರಳಿಗೆ ಯಾವ ಗಂಟು ಸರಿ ಎಂದು ಕೊರಳಿನವರನ್ನು ಕೇಳದೆ ತೀರ್ಮಾನಿಸುವ ಅಭ್ಯಾಸ ಒಮ್ಮೆ ಹಿಡಿದರೆ ಅದು ಟೈಯಲ್ಲಿ ನಿಲ್ಲುವುದಿಲ್ಲ. ಅದು ಸರಕಾರದ ಅಭ್ಯಾಸವಾಗಬಹುದು, ಜಮಾಅತಿನದೂ ಆಗಬಹುದು, ಮನೆಯ ಯಜಮಾನನದೂ ಆಗಬಹುದು.

ನಮ್ಮ ನೆರೆಯ ಹುಡುಗನೊಬ್ಬ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಮೊದಲ ಸಂದರ್ಶನಕ್ಕೆ ಹೊರಟಿದ್ದ. ಮಾವ ಬಂದು ದೊಡ್ಡ ವಿಂಡ್ಸರ್ ಕಟ್ಟಿಕೊಟ್ಟಿದ್ದರು. ಶರ್ಟು ಮೊನೆಗಳಿಗೆ ಗುಂಡಿಯಿರುವ ಸಾದಾ ಹತ್ತಿಯದು. ಪ್ಯಾಂಟಿನ ಅಂಚು ಮಡಿಸಿಕೊಳ್ಳಲು ಪೇಟೆಯ ಹಳೆಯ ದರ್ಜಿಯ ಅಂಗಡಿಗೆ ಹೋದಾಗ ನಾವೂ ಜೊತೆಗಿದ್ದೆವು. ದರ್ಜಿ ಕನ್ನಡಕ ಏರಿಸಿ ಹುಡುಗನ ಕೊರಳನ್ನೇ ನೋಡಿದರು. ಕೇಳದೆ ಕೈ ಹಾಕಲಿಲ್ಲ. "ಬಿಚ್ಚಲಾ?" ಎಂದರು. ಹುಡುಗ ತಲೆಯಾಡಿಸಿದ. ಬಿಚ್ಚಿ, ಸುಕ್ಕು ತೀಡಿ, ನಾಲ್ಕೇ ನಡೆಗಳಲ್ಲಿ ಸಣ್ಣ ಗಂಟು ಹಾಕಿದರು. ಕಾಲರಿನ ಎಲೆಗಳು ಕೆಳಗೆ ಕೂತವು. ಗಂಟು ತುಸು ಓರೆಯಾಗಿದೆಯಲ್ಲ ಎಂದು ಹುಡುಗ ಕನ್ನಡಿ ನೋಡಿ ಕೇಳಿದ. "ನಿನ್ನ ಮೂಗೂ ಅಷ್ಟೇ ಓರೆ, ಬೇಟಾ" ಎಂದರು ದರ್ಜಿ. ಹುಡುಗ ನಕ್ಕ. ಆಮೇಲೆ ತಾನೇ ಬಿಚ್ಚಿ ಮೂರು ಸಲ ಕಟ್ಟಿ ಕಲಿತ. ಕೆಲಸ ಸಿಕ್ಕಿತೋ ಇಲ್ಲವೋ ಎಂಬುದು ಗಂಟಿಗೆ ಸಂಬಂಧಿಸಿದ ವಿಷಯವಲ್ಲ. ಅವನು ಸರಾಗವಾಗಿ ಉಸಿರಾಡುತ್ತಾ ಬಸ್ಸು ಹತ್ತಿದ ಎಂಬುದು ಮಾತ್ರ ನಿಜ.

ಫಿಂಕ್ ಮತ್ತು ಮಾವ್ ಅವರ ಪುಸ್ತಕ ಓದಲು ಯೋಗ್ಯವಾದದ್ದು. ಕಣ್ಣಿಗೆ ಸಣ್ಣದಾಗಿ ಕಾಣುವ ವಸ್ತುವಿನಲ್ಲಿ ಎಷ್ಟೊಂದು ಸಾಧ್ಯತೆಗಳಿವೆ ಎಂದು ಅದು ತೋರಿಸುತ್ತದೆ. ಆದರೆ ಸಾಧ್ಯತೆಗಳನ್ನು ಎಣಿಸುವುದು ಬೇರೆ, ಒಂದನ್ನು ಆರಿಸುವುದು ಬೇರೆ. ಆರಿಸುವಾಗ ಎದುರಿನ ಕಾಲರನ್ನು ನೋಡಲೇಬೇಕು. ಕಾಲರಿಗೆ ಉರ್ದುವಿನಲ್ಲಿ ಗಿರೇಬಾನ್ ಎನ್ನುತ್ತಾರೆ. ಕನ್ನಡದಲ್ಲಿ ಕೊರಳಪಟ್ಟಿ ಹಿಡಿಯುವುದೆಂದರೆ ಇನ್ನೊಬ್ಬನನ್ನು ದಬಾಯಿಸುವುದು. ಉರ್ದುವಿನಲ್ಲಿ ಗಿರೇಬಾನಿನೊಳಗೆ ಇಣುಕುವುದೆಂದರೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು. ಟೈ ಕಟ್ಟುವ ಮೊದಲು, ಬೇರೆಯವರಿಗೆ ಕಟ್ಟಲು ಹೋಗುವ ಮೊದಲಂತೂ, ಎರಡನೆಯದನ್ನು ಮಾಡಿದರೆ ಒಳ್ಳೆಯದು.